ಸಿದ್ದವ್ವ ಹೇಳಿದ ನನ್ನ ಪಕ್ಷ

ಮಾಸೂರಿನ ಸಿದ್ದವ್ವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ಹಂಸಭಾವಿಯಲ್ಲಿ ಗುದ್ಲೆಪ್ಪ ಮಾಸ್ತರರು ಸಂಜೆ ಹೇಳುವ ತರ್ಕದ ಪಾಠಕ್ಕೆ ನಾನು ಹನ್ನೆರಡು ವರ್ಷ ತಪ್ಪದೆ ಹೋದವನು, ಸಂಸ್ಕೃತದಲ್ಲಿ ಎಂ.ಎ. ಅವಳು ನಿನ್ನೆ ಮೊನ್ನೆ ಬಂದವಳು, ಹತ್ತಿಬೀಜದ ಹೊಲದಲ್ಲಿ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕ್ರಾಸಿಂಗ್ ಮಾಡುವ ಕೂಲಿಯವಳು, ಓದಿದ್ದು ಏಳನೆಯ ಇಯತ್ತೆ. ಆದರೂ ಮಾಸ್ತರರು ಪ್ರಶ್ನೆ ಕೇಳಿ ಮೊದಲು ನೋಡುತ್ತಿದ್ದದ್ದು ಅವಳ ಮುಖವನ್ನೇ.

ಈ ಯುಗಾದಿಗೆ ಮಾಸ್ತರರ ಕಣ್ಣು ಪೂರ್ತಿ ಮಂಜಾಯಿತು. ಇನ್ನು ಪಾಠ ಯಾರು ಹೇಳಬೇಕು ಎಂಬ ಮಾತು ಬಂತು. ಅವರದೊಂದು ಕಟ್ಟಳೆಯಿತ್ತು: ಎದುರಾಳಿಯ ಮತವನ್ನು ಖಂಡಿಸುವ ಮೊದಲು, ಅವನೇ ‘ಹೌದು, ಇದು ನನ್ನದೇ’ ಎನ್ನುವಂತೆ ಅದನ್ನು ಹೇಳಿ ತೋರಿಸಬೇಕು. ನಮ್ಮಿಬ್ಬರಲ್ಲಿ ಅದನ್ನು ಮಾಡಿದವರಿಗೆ ಪಾಠ ಎಂದರು.

ಇಲ್ಲದ್ದನ್ನು ನಾವು ತಿಳಿಯುವುದು ಹೇಗೆ ಎಂಬುದು ವಿಷಯ. ಕ್ರಾಸಿಂಗ್ ಆದ ಹೂವಿಗೆ ಗುರುತಿಗೆಂದು ದಾರ ಕಟ್ಟುತ್ತಾರೆ, ದಾರವಿಲ್ಲದ್ದನ್ನು ಕಿತ್ತೆಸೆಯುತ್ತಾರೆ. ಆ ‘ಇಲ್ಲ’ವನ್ನು ಕಣ್ಣೇ ಕಾಣುತ್ತದೆ ಎಂಬುದು ನಾನು ಹಿಡಿದ ನ್ಯಾಯದರ್ಶನದವರ ಪಕ್ಷ. ಇಲ್ಲದ್ದು ಕಣ್ಣಿಗೆ ಸಿಗದು, ಕಾಣದಿರುವುದೇ ತಿಳಿಯುವ ಬೇರೊಂದು ದಾರಿ ಎಂಬುದು ಸಿದ್ದವ್ವ ಹಿಡಿದ ಮೀಮಾಂಸಕರ ಪಕ್ಷ.

ನಾನು ಮೊದಲು ಎದ್ದೆ. “ಸಿದ್ದವ್ವನ ಪ್ರಕಾರ ಕಣ್ಣು ಮುಚ್ಚಿಕೊಂಡ್ರ ಹೊಲದಾಗ ದಾರಾನೂ ಇಲ್ಲ, ಹತ್ತೀನೂ ಇಲ್ಲ.” ಕೂತವರು ನಕ್ಕರು.

“ಇದು ನಿನ್ನ ಮಾತೇನವ್ವಾ?” ಎಂದರು ಮಾಸ್ತರರು.

“ಅಲ್ರಿ. ಇದ್ದಿದ್ರ ಕಾಣಬೇಕಾಗಿತ್ತು, ಅಂಥಲ್ಲಿ ಕಾಣಲಿಲ್ಲ ಅಂದ್ರಷ್ಟ ನಾ ಇಲ್ಲ ಅಂತೇನಿ.”

ಇನ್ನೆರಡು ಸಲ ಹೇಳಿದೆ. ಎರಡು ಸಲವೂ ಕುಹಕ ತಾನಾಗಿ ನುಸುಳಿತು. ಎರಡು ಸಲವೂ ಅವಳು ‘ಅಲ್ರಿ’ ಎಂದಳು.

ಆಮೇಲೆ ನನ್ನ ಪಕ್ಷ ಹೇಳುವ ಅವಳ ಸರದಿ. “ಶಂಭುಲಿಂಗಣ್ಣಾರು ಅನ್ನೂದು ಹಿಂಗರಿ. ಕಣ್ಣು ಬರೇ ಹೂವು ನೋಡೂದಿಲ್ಲ, ದಾರ ಇಲ್ಲದ ಹೂವು ನೋಡತೈತಿ. ಆ ಇಲ್ಲದಿರೂದು ಹೂವಿಗೇ ಸೇರಿದ್ದು. ಹೂವು ಕಂಡ ಕಣ್ಣಿಗೆ ಅದೂ ಕಾಣತೈತಿ. ಬ್ಯಾರೆ ದಾರಿ ಯಾಕ ಬೇಕು?”

ಹನ್ನೆರಡು ವರ್ಷದಲ್ಲಿ ನಾನು ಒಮ್ಮೆಯೂ ಅಷ್ಟು ಸ್ವಚ್ಛವಾಗಿ ಹೇಳಿರಲಿಲ್ಲ.

“ಇದು ನಿಂದೇನೋ?” ಎಂದು ಮಾಸ್ತರರು ನನ್ನನ್ನು ಕೇಳಿದರು. ಹೌದೆಂದರೆ ಪಾಠ ಅವಳದಾಗುತ್ತಿತ್ತು.

“ಅಲ್ಲ,” ಎಂದೆ.

“ಹಂಗಾರ ನಿಂದು ನೀನ ಹೇಳು.”

ಬಾಯಿ ತೆರೆದೆ. “ಕಣ್ಣು ಬರೇ ಹೂವು ನೋಡೂದಿಲ್ಲ...” ಎಂದು ಶುರುವಾಗಿ, ಕೊನೆಯವರೆಗೂ ಅವಳದೇ ಮಾತು ಬಂತು. ನನ್ನ ಹತ್ತಿರ ಬೇರೆ ಮಾತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು.

ಸಿದ್ದವ್ವ ಮಾತ್ರ ಮೆಲ್ಲಗೆ, “ಹೌದ್ರಿ ಮಾಸ್ತರ, ಇದು ಅಣ್ಣಾರ ಪಕ್ಷ. ನಾ ಹೇಳೂಮುಂದ ಎಲ್ಯೋ ತಪ್ಪಿರಬೇಕು,” ಎಂದಳು.

ಈಗ ಪಾಠ ಅವಳೇ ಹೇಳುತ್ತಾಳೆ, ನಾನೂ ಹೋಗಿ ಕೂಡುತ್ತೇನೆ. ಪಾಠ ಕಸಿದುಕೊಂಡದ್ದನ್ನು ಎಂದಾದರೂ ಕ್ಷಮಿಸಿಯೇನು. ಅಂದು ನನ್ನ ಮಾನ ಉಳಿಸಲು ನೋಡಿದ್ದನ್ನು ಮಾತ್ರ ಕ್ಷಮಿಸಲಾರೆ.