ಚಲಪತಿಯ ಪುಷ್ಪಕ ವಿಮಾನಕ್ಕೆ ಹಾಲಿನ ಗಾಡಿ ಗುದ್ದಿದ್ದು

ಬೇತಮಂಗಲದ ಚಲಪತಿ ನೀರಿಗೆ ಇಳಿಯುವ ಮೊದಲು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಗಳಗಳ ಮುಕ್ಕಳಿಸಿ, ಎಡಗಡೆಗೆ ಉಗಿಯುತ್ತಾನೆ. ನಡೆಯುವುದು ಇಷ್ಟೇ. ಮಿಕ್ಕಿದ್ದೆಲ್ಲ ಪುರಾಣ.

ಪುರಾಣದ ಪ್ರಕಾರ ಆ ನಾಲಗೆಗೆ ತಿಳಿಯದ ನೀರಿಲ್ಲ. ಒಂದು ಸಲ ಮುಕ್ಕಳಿಸಿದರೆ ಸಾಕು, ಹೆಣ ಎಷ್ಟು ಆಳದಲ್ಲಿದೆ, ಯಾವ ಮೂಲೆಯಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ, ಸತ್ತವರು ಬೆಳಿಗ್ಗೆ ತಿಂದದ್ದು ಮುದ್ದೆಯೋ ಇಡ್ಲಿಯೋ ಎಂಬುದೂ ಗೊತ್ತಾಗುತ್ತದೆ. ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನುಗಳಲ್ಲಿ ಕಥೆ ಇನ್ನೂ ಬೆಳೆದಿದೆ. ಒಮ್ಮೆ ಉಗಿದವನೇ ‘ಇದು ನಮ್ದಲ್ಲ, ಆಂಧ್ರದ್ದು’ ಅಂದನಂತೆ. ಎತ್ತಿ ನೋಡಿದರೆ ವಿ.ಕೋಟದವನಂತೆ. ಅಗಸ್ತ್ಯ ಮುನಿ ಸಮುದ್ರವನ್ನು ಕುಡಿದೇಬಿಟ್ಟ. ನಮ್ಮವನು ಉಗಿಯುತ್ತಾನೆ, ಸಂಯಮದಲ್ಲಿ ಒಂದು ಕೈ ಮೇಲು. ಅದೇ ಕೆರೆಯ ನೀರು ಪೈಪಿನಲ್ಲಿ ಕೆ.ಜಿ.ಎಫ್.ಗೆ ಹೋಗುತ್ತದೆ, ಅಲ್ಲಿನವರು ಅದನ್ನು ಉಗಿಯದೆ ಕುಡಿಯುತ್ತಾರೆ ಎಂಬ ಸಂಗತಿಯನ್ನು ಪುರಾಣ ಹೇಳುವವರು ಯಾರೂ ಎತ್ತುವುದಿಲ್ಲ.

ಚಲಪತಿಗೆ ಈಗ ಐವತ್ತೆರಡು. ಮೀನುಗಾರರ ಸಂಘದ ಸದಸ್ಯ, ಕೆರೆ ಕಟ್ಟೆಯ ಮೇಲೆ ಕಾಟ್ಲಾ ಮೀನು ಮಾರುತ್ತಾನೆ. ಕಸುಬು ಅದು. ಹೆಸರು ಬಂದದ್ದು ಬೇರೆ ಕೆಲಸದಿಂದ. ಸುತ್ತಿನ ಕೆರೆ, ಬಾವಿ, ನೀರು ತುಂಬಿದ ಗಣಿ ಹೊಂಡ, ಎಲ್ಲಿ ಯಾರು ಮುಳುಗಿದರೂ ಪೊಲೀಸರ ಮೊದಲ ಫೋನು ಅವನಿಗೆ. ಅದಕ್ಕೆಂದೇ ಅವನ ಹತ್ತಿರ ಹತ್ತಡಿ ಉದ್ದದ ನೀಲಿ ಫೈಬರ್ ದೋಣಿ ಇದೆ. ದೋಣಿಯನ್ನು ಊರಿಂದೂರಿಗೆ ಒಯ್ಯಲು ಒಂದು ಕಬ್ಬಿಣದ ಟ್ರೇಲರ್. ಬಂಗಾರಪೇಟೆಯಲ್ಲಿ ವೆಲ್ಡಿಂಗ್ ಮಾಡಿಸಿದ್ದು, ಗುಜರಿಗೆ ಬಿದ್ದ ಅಂಬಾಸಿಡರ್ ಕಾರಿನ ಚಕ್ರದ್ದು. ಲಗೇಜ್ ಆಟೊ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೊರಟನೆಂದರೆ ರಸ್ತೆಯಲ್ಲಿ ಎದುರಾದವರು ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ಊರಿನವರು ಅದಕ್ಕಿಟ್ಟ ಹೆಸರು ಪುಷ್ಪಕ ವಿಮಾನ. ಎಷ್ಟು ಜನರನ್ನು ಹೊತ್ತಿದ್ದರೂ ಅದರಲ್ಲಿ ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತದೆ.

ವಿಮಾನಕ್ಕೊಂದು ಕಟ್ಟಳೆಯಿತ್ತು. ಹೆಣ ಹೊತ್ತ ದೋಣಿ ಮೂರು ದಿನ ಊರೊಳಗೆ ಬರುವಂತಿಲ್ಲ. ಸತ್ತವರ ಮನೆಯಲ್ಲಿ ಮೂರನೆಯ ದಿನದ ಹಾಲು-ತುಪ್ಪ ಆಗಬೇಕು; ಆಮೇಲೆ ಚಲಪತಿಯ ಹೆಂಡತಿ ಅಂಜಮ್ಮ ಅರಿಶಿನದ ನೀರು ಚಿಮುಕಿಸಬೇಕು; ಆಗ ಅದು ಮನೆಯ ಅಂಗಳಕ್ಕೆ. ಅಲ್ಲಿಯತನಕ ಊರಾಚೆ, ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ. ಆ ಮೂರು ದಿನ ಅದನ್ನು ಮುಟ್ಟಿದವರ ಮನೆಯಲ್ಲಿ ಇನ್ನೊಂದು ಸಾವು ಎಂದು ಎಲ್ಲರಿಗೂ ಗೊತ್ತಿದ್ದರಿಂದ ಬೀಗ, ಸರಪಳಿ ಏನೂ ಬೇಕಿರಲಿಲ್ಲ. ಕಳ್ಳರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಮಂಗಳವಾರ ಕೆ.ಜಿ.ಎಫ್. ಕಡೆಯ ಊರಿಗಾಂನವನೊಬ್ಬನನ್ನು ನೀರಿನಿಂದ ಎತ್ತಿದ್ದಾಯಿತು. ದೋಣಿ ಹೊಂಗೆ ಮರದ ಕೆಳಗೆ ನಿಂತಿತು. ಬುಧವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟ ಪೆದ್ದಮ್ಮ ಅರ್ಧ ದಾರಿಯಿಂದ ವಾಪಸು ಬಂದು ಚಲಪತಿಯ ಬಾಗಿಲು ಬಡಿದಳು.

“ಎದ್ದೇಳಪ್ಪೋ. ನಿನ್ ವಿಮಾನ ಮೋರೀಲಿ ಬಿದ್ದೈತೆ.”

ಬಿದ್ದಿತ್ತು. ಟ್ರೇಲರಿನ ಅಚ್ಚು ಬಾಗಿ, ಒಂದು ಚಕ್ರ ಕಿತ್ತು ಮಾರು ದೂರ ಹೋಗಿತ್ತು. ದೋಣಿ ಮಗುಚಿಕೊಂಡಿತ್ತು, ಹಿಂಭಾಗದಲ್ಲಿ ಕೈ ತೂರುವಷ್ಟು ತೂತು, ಅಲ್ಲಿಂದ ಮುಂದಕ್ಕೆ ಮೊಳದುದ್ದ ಬಿರುಕು. ಗುದ್ದಿದವನು ನಿಂತಿರಲಿಲ್ಲ. ಬಿಟ್ಟುಹೋದದ್ದು ಒಡೆದ ಹೆಡ್‌ಲೈಟಿನ ಗಾಜು, ದೋಣಿಯ ನೀಲಿಯ ಮೇಲೆ ಒಂದು ಗೀಟು ಬಿಳಿ ಬಣ್ಣ, ಮತ್ತು ರಸ್ತೆಯಲ್ಲಿ ಅಗಲವಾಗಿ ಹರಡಿದ ಹಾಲು. ಊರಿನ ನಾಲ್ಕು ನಾಯಿಗಳು ಆಗಲೇ ಸ್ಥಳ ಮಹಜರು ನಡೆಸುತ್ತಿದ್ದವು. ಸಾಕ್ಷ್ಯವನ್ನು ನೆಕ್ಕಿ ಮುಗಿಸುವ ಹಂತದಲ್ಲಿದ್ದವು.

“ಆಲಿನ ಗಾಡೀನೇ” ಎಂದಳು ಪೆದ್ದಮ್ಮ. “ನಮ್ ಕಡೆಗೆ ಬರೋದು ಒಂದೇ ಗಾಡಿ. ರಾಮಚಂದ್ರಪ್ಪನ ಮಗ ವಿಜಯಕುಮಾರಂದು. ಇನ್ನ ಕವಡೆ ಆಕಿ ಕೇಳಬೇಕೇನಪ್ಪ?”

ಕೇಳಬೇಕಿರಲಿಲ್ಲ. ವಿಜಯಕುಮಾರ್ ಹಳ್ಳಿಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಬಂಗಾರಪೇಟೆಗೆ ಸಾಗಿಸುವವನು. ಅವನು ಕ್ಯಾನು ಇಳಿಸಿದವನೇ, ಇವತ್ತೇ ತೀರಿಸಬೇಕಾದ ಹರಕೆಯೊಂದಿದೆ ಎಂದು ಮನೆಗೆ ಫೋನು ಮಾಡಿ ಬಂಗಾರ ತಿರುಪತಿಗೆ ಹೋಗಿದ್ದಾನೆ ಎಂಬ ಸುದ್ದಿ ಎಂಟು ಗಂಟೆಗೆ ಊರಿಗೆ ಬಂತು. ಗುದ್ದಿ ಓಡಿದ್ದು ಪೊಲೀಸರ ಭಯಕ್ಕಲ್ಲ. ಪುಷ್ಪಕ ವಿಮಾನವನ್ನು ಮುಟ್ಟಿದ ಭಯಕ್ಕೆ. ಊರಿನ ಗಂಡಸರು ಅವನು ವಾಪಸಾಗುವುದನ್ನೇ ಕಾಯುತ್ತ ಊರ ಕಟ್ಟೆ ಮೇಲೆ ಕೂತರು. ಕುರುಕ್ಷೇತ್ರವನ್ನು ಮುಂದಿನ ಸಾಲಿನಲ್ಲಿ ಕೂತು ನೋಡುವ ಅವಕಾಶ ದಿನಾ ಸಿಗುವುದಿಲ್ಲ.

ಚಲಪತಿ ಮಾತ್ರ ಬಂಗಾರಪೇಟೆಯ ಮುನಿರಾಜುವಿಗೆ ಫೋನು ಮಾಡಿದ. ಮುನಿರಾಜು ನೀರಿನ ಟ್ಯಾಂಕು, ಫೈಬರ್ ಬಾಗಿಲು ರಿಪೇರಿ ಮಾಡುವವನು.

“ತೇಪೆ ಆಕಕ್ಕೆ ಎರಡ್ ಗಂಟೆ, ಒಣಗಕ್ಕೆ ಒಂದಿನ” ಎಂದ ಮುನಿರಾಜು. “ಆದ್ರೆ ಆಲು-ತುಪ್ಪ ನಾಳೆ ಅಲ್ವೇನಣ್ಣ? ಅದು ಆಗೋಗಂಟ ನಾನು ಮುಟ್ಟಲ್ಲ. ಮನೇಲಿ ನನ್ನೆಂಡ್ರು ಬಸುರಿ.”

“ಆಯ್ತು ಬಿಡಪ್ಪ, ನಾಳೆ ಬಾ” ಎಂದು ಚಲಪತಿ ಅಂಜಮ್ಮನನ್ನು ಕರೆದುಕೊಂಡು ಠಾಣೆಗೆ ಹೋದ. ಅಲ್ಲಿದ್ದವರು ಎ.ಎಸ್.ಐ. ನಂದಕುಮಾರ್, ನಿನ್ನೆಯ ಹೆಣಕ್ಕೆ ಅವನನ್ನು ಕರೆಸಿದವರೇ. ಕಾಗದ ಮುಂದೆ ಎಳೆದುಕೊಂಡರು.

“ದೋಣಿಗೆ ನಂಬರ್ ಇದೆಯೇನಪ್ಪ?”

“ಇಲ್ಲ ಸಾರ್.”

“ಟ್ರೇಲರಿಗೆ?”

“ಅದ್ಕೂ ಇಲ್ಲ. ಅಂಬಾಸಿಡರ್ ಕಾರಿಂದು ಚಕ್ರ.”

“ಆ ಕಾರಿಗಾದ್ರೂ ನಂಬರ್ ಇತ್ತಲ್ಲ?”

“ಕಾರು ಗುಜರಿಗೋಗಿ ಇಪ್ಪತ್ತೊರ್ಸ ಆಯ್ತು ಸಾರ್.”

ನಂದಕುಮಾರ್ ಪೆನ್ನು ಕೆಳಗಿಟ್ಟರು. “ಈಗ ನಾನು ಏನಂತ ಬರ್ಕೊಳ್ಳಲಿ? ಗುದ್ದಿಸಿಕೊಂಡಿದ್ದು ಗಾಡಿಯೇ ಅಲ್ಲ. ರಸ್ತೆ ಪಕ್ಕ ಯಾಕೆ ನಿಲ್ಲಿಸಿದ್ದೆ ಅಂತ ನಿನ್ನನ್ನೇ ಕೇಳಬೇಕಾಗುತ್ತೆ.”

ಅಂಜಮ್ಮ ಸೆರಗು ಸರಿಮಾಡಿಕೊಂಡಳು. “ನೀವೇ ಅಲ್ವಾ ಸಾರ್ ನಿನ್ನೆ ಫೋನ್ ಮಾಡಿ ಎಣ ಎತ್ತಿಸಿದ್ದು? ಊರೊಳಗೆ ತರಂಗಿಲ್ಲ ಅಂತ ಅಲ್ಲಿ ನಿಲ್ಸಿದ್ವಿ. ಮುಂದಿನ್ ಸತಿ ನಿಮ್ ಸ್ಟೇಷನ್ ಒಳಗೇ ತಂದು ನಿಲ್ಸ್ತೀವಿ, ಬಿಡಿ.”

ನಂದಕುಮಾರ್ ನಕ್ಕು, ಪೆನ್ನು ತೆಗೆದುಕೊಂಡು, ‘ನೀಲಿ ಬಣ್ಣದ ಒಂದು ದೋಣಿ’ ಎಂದು ಬರೆದರು. ಅಷ್ಟರಲ್ಲಿ ಫೋನು ಬಂತು. ಕೇಳುತ್ತ ಕೇಳುತ್ತ ಅವರ ನಗು ಹೋಯಿತು.

“ಚಲಪತಿ, ನಿನ್ನ ದೋಣಿ ನೀರಿಗೆ ಬಿಡೋಕೆ ಆಗೋದೇ ಇಲ್ವಾ?”

“ಕೈ ತೂರ್ತೈತೆ ಸಾರ್ ಅದ್ರಲ್ಲಿ. ಯಾರು?”

“ಹಾಲಿನ ಗಾಡಿಯವನ ತಂದೆ. ರಾಮಚಂದ್ರಪ್ಪ.”

ನಡೆದದ್ದು ಸಣ್ಣ ವಿಷಯ. ರಾಮಚಂದ್ರಪ್ಪನ ಮನೆಯಲ್ಲಿ ಎರಡು ಹಸು. ದಿನಾ ಹಾಲಿನ ಗಾಡಿ ಬಿಟ್ಟುಬಂದ ಮೇಲೆ ಅವನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುವವನು ವಿಜಯಕುಮಾರ್. ಅಂದು ಮಗ ಹರಕೆಗೆ ಹೋಗಿದ್ದಾನೆ, ಬಿಸಿಲು ಏರುತ್ತಿದೆ ಎಂದು ಮುದುಕನೇ ಹೋದ. ಕೆರೆಯ ಆ ಮಗ್ಗುಲಲ್ಲಿ ಹೂಳು ತೆಗೆದು ಮಾಡಿದ ಗುಂಡಿ ಮಗನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಹಸುಗಳು ತಾವೇ ಮನೆಗೆ ಬಂದವು. ಒಂದನ್ನು ಪೂರ್ತಿ ತೊಳೆದಾಗಿತ್ತು. ಇನ್ನೊಂದರ ಒಂದು ಮಗ್ಗುಲು ಮಾತ್ರ ತೊಳೆದಾಗಿತ್ತು. ರಾಮಚಂದ್ರಪ್ಪನ ಹೆಂಡತಿ ಮುನಿನಾರಾಯಣಮ್ಮ ತೊಳೆಯದ ಮಗ್ಗುಲನ್ನು ನೋಡಿ ಕೆರೆಯ ಕಡೆಗೆ ಓಡಿದಳು.

ಅಗ್ನಿಶಾಮಕದವರು ಬಂದರು. ಅವರ ರಬ್ಬರ್ ದೋಣಿ ಬೇರೊಂದು ಕೆರೆಯಲ್ಲಿ ಬೇರೆ ಯಾರನ್ನೋ ಹುಡುಕುತ್ತಿತ್ತು. ದಡದಿಂದ ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಸೆದರು. ಜೊಂಡು ಬಂತು, ಹಳೆಯ ಬಲೆ ಬಂತು, ಯಾರದ್ದೋ ಒಂದು ಲುಂಗಿ ಬಂತು. ಲುಂಗಿ ಬಂದಾಗ ಮುನಿನಾರಾಯಣಮ್ಮ ಎದ್ದು ನಿಂತು, ನೋಡಿ, “ನಮ್ಮೋರ್ದಲ್ಲ” ಎಂದು ಮತ್ತೆ ಕೂತಳು. ಸಂಘದ ಉಳಿದ ಮೀನುಗಾರರು ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಡುವವರು. ಟ್ಯೂಬು ಬದುಕಿರುವ ಒಬ್ಬನಿಗೆ ಸಾಕು. ಇಬ್ಬರನ್ನು, ಅದರಲ್ಲೂ ಒಬ್ಬ ಸತ್ತವನನ್ನು ಹೊರಲಾರದು.

ಚಲಪತಿ ದಡದಲ್ಲಿ ಕೈಕಟ್ಟಿ ನಿಂತಿದ್ದ. ವಿಮಾನವಿಲ್ಲದ ವೀರನನ್ನು ಊರು ನೋಡಿದ್ದು ಅದೇ ಮೊದಲು. ಸ್ವಲ್ಪ ಕುಳ್ಳಗೆ ಕಂಡ.

ಎರಡು ಗಂಟೆಗೆ ಹಾಲಿನ ಗಾಡಿ ಕೆರೆ ಏರಿಯ ಮೇಲೆ ಬಂತು. ಆಯುಧಪೂಜೆಗೆ ಇನ್ನೂ ಆರು ತಿಂಗಳಿದ್ದರೂ ಗಾಡಿಗೆ ಅರಿಶಿನ, ಕುಂಕುಮ, ಮುಂದಿನ ಬಂಪರಿಗೆ ನಿಂಬೆಹಣ್ಣಿನ ಹಾರ. ಎಡಗಡೆ ಹೆಡ್‌ಲೈಟ್ ಇರಬೇಕಾದ ಜಾಗದಲ್ಲಿ ಬೇವಿನ ಸೊಪ್ಪಿನ ಒಂದು ದೊಡ್ಡ ಕಟ್ಟು. ಮುಚ್ಚಿಡಲೆಂದು ಇಷ್ಟು ಎದ್ದುಕಾಣುವಂತೆ ಅಲಂಕರಿಸಿದ ಅಪರಾಧ ಈ ತಾಲೂಕಿನಲ್ಲಿ ಇನ್ನೊಂದಿಲ್ಲ. ಒಳಗಿನಿಂದ ಪ್ರಸಾದದ ಪೊಟ್ಟಣ ಹಿಡಿದು ವಿಜಯಕುಮಾರ್ ಇಳಿದ. ಮುಡಿ ಕೊಟ್ಟು ಬಂದಿದ್ದ. ಬೋಳು ತಲೆಗೆ ಗಂಧ ಬಳಿದುಕೊಂಡಿದ್ದ.

ನಗಲು ಕಾದು ಕೂತಿದ್ದ ಗಂಡಸರು ನಗಲಿಲ್ಲ. ಪೆದ್ದಮ್ಮನ ಬಾಯಿ ಮಾತ್ರ ತಡೆಯಲಿಲ್ಲ.

“ಅಯ್ಯೋ ನಾಯನಾ, ಆಗ್ಲೇ ಬೋಳಿಸ್ಕೊಂಡು ಬಂದ್ಬಿಟ್ಯಾ?”

ಅವನಿಗೆ ಅರ್ಥವಾಗಲಿಲ್ಲ. ಜನರನ್ನು ನೋಡಿದ, ನೀರನ್ನು ನೋಡಿದ, ಒಂಟಿಯಾಗಿ ಕೂತ ಅಮ್ಮನನ್ನು ನೋಡಿದ. ಆಮೇಲೆ ಅರ್ಥವಾಯಿತು. ಪೊಟ್ಟಣ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

ಚಲಪತಿ ಗಾಡಿಯ ಹತ್ತಿರ ನಡೆದ. ಬೇವಿನ ಸೊಪ್ಪಿನ ಕಟ್ಟನ್ನು ಒಂದು ಸಲ ನೋಡಿದ.

“ಗಾಡೀಲಿ ಖಾಲಿ ಕ್ಯಾನ್ ಎಷ್ಟವೆ?”

“ಎಂಟು... ಎಂಟವೆ ಅಣ್ಣ.”

“ಇಳ್ಸು. ಮುಚ್ಚಳ ಬಿಗಿಯಾಗಿರ್ಲಿ.”

ಮೀನು ಕಾಯುವ ಗುಡಿಸಲಿನಿಂದ ಹಗ್ಗದ ಮಂಚ ತಂದರು. ಈ ಮಗ್ಗುಲಿಗೆ ನಾಲ್ಕು, ಆ ಮಗ್ಗುಲಿಗೆ ನಾಲ್ಕು ಹಾಲಿನ ಕ್ಯಾನು ಕಟ್ಟಿದರು. ಕುಬೇರನೂ ಕೇಳಿ ಪಡೆಯದಂಥ ಆ ಹೊಸ ವಿಮಾನ ನೀರಿನ ಮೇಲೆ ತೇಲಿತು. ಚಲಪತಿ ಹೊಕ್ಕಳುದ್ದ ನೀರಲ್ಲಿ ನಿಂತು, ಒಂದು ಬೊಗಸೆ ಮುಕ್ಕಳಿಸಿ ಉಗಿದು, ಮಂಚ ಹತ್ತಿದ. ಅದಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ವಿಜಯಕುಮಾರ್ ಹಿಡಿದುಕೊಂಡ. ಯಾರೂ ಅವನಿಗೆ ಕೊಡಲಿಲ್ಲ, ಯಾರೂ ಕಿತ್ತುಕೊಳ್ಳಲಿಲ್ಲ.

ಅಂದು ಸಿಗಲಿಲ್ಲ. ಚಲಪತಿ ಎಂಟು ಸಲ ಮುಳುಗಿ ಎಂಟು ಸಲ ಬರಿಗೈಯಲ್ಲಿ ಎದ್ದ. ಕತ್ತಲಾದ ಮೇಲೆ ಮುನಿನಾರಾಯಣಮ್ಮನನ್ನು ಮನೆಗೆ ಕರೆದರೆ ಬರಲಿಲ್ಲ. “ಅವ್ರಿಗೆ ನೀರಂದ್ರೆ ಮೊದ್ಲಿಂದ್ಲೂ ಭಯ ಕಣಮ್ಮ, ಒಬ್ರನ್ನೇ ಬಿಟ್ಟು ಎಂಗ್ ಬರ್ಲಿ?” ಎಂದಳು. ಅಂಜಮ್ಮ ಅವಳ ಪಕ್ಕ ಕೂತಳು.

ದೋಣಿ ಮುಟ್ಟಿದವನ ಮನೆಯಲ್ಲಿ ಸಾವಾಯಿತು, ನೋಡಿದಿರಾ ಎಂದು ಅರ್ಧ ಊರು ಪಿಸುಗುಟ್ಟಿತು. ಹೆದರಿ ಹರಕೆಗೆ ಓಡದಿದ್ದರೆ ಹಸು ತೊಳೆಯುತ್ತಿದ್ದವನು ಮಗನೇ, ಹುಡುಕಲು ದೋಣಿಯೂ ಇರುತ್ತಿತ್ತು ಎಂದು ಮಿಕ್ಕ ಅರ್ಧಕ್ಕೆ ತಿಳಿದಿತ್ತು. ಬಾಯಿ ಬಿಟ್ಟು ಹೇಳುವಷ್ಟು ಗಟ್ಟಿ ಎದೆ ಯಾರಿಗೂ ಇರಲಿಲ್ಲ. ವಿಜಯಕುಮಾರನಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಗುರುವಾರ ಬೆಳಿಗ್ಗೆ ಅವನ ಅಂಗೈಯಲ್ಲಿ ಹಗ್ಗದ ಉಜ್ಜಿಗೆ ಚರ್ಮ ಸುಲಿದಿತ್ತು. ತಲೆಯ ಗಂಧ ಒಣಗಿ ಹಕ್ಕಳೆಯಾಗಿ ಉದುರುತ್ತಿತ್ತು. ಹಗ್ಗ ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ಮೂರನೆಯ ಮುಳುಗಿಗೆ ಚಲಪತಿ ತುಂಬ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಕೈ ಎತ್ತಿದ. ಗುಂಡಿಯಂಚಿನಲ್ಲಿ ಮುಳುಗಿದ ಜಾಲಿ ಮರದ ಕೊಂಬೆಗೆ ಅಂಗಿ ಸಿಕ್ಕಿಕೊಂಡಿತ್ತಂತೆ. ಬಿಡಿಸಿ, ಮಂಚದ ಮೇಲೆ ಮಲಗಿಸಿ, ತನ್ನ ಟವೆಲನ್ನು ಮುಖಕ್ಕೆ ಹೊದಿಸಿ, ತಾನು ನೀರಿನಲ್ಲೇ ಮಂಚ ಹಿಡಿದುಕೊಂಡು ಬಂದ. ದಡದಿಂದ ಹಗ್ಗ ಎಳೆಯುತ್ತಿದ್ದ ಮಗನಿಗೆ ಮೊದಲು ಕಂಡದ್ದು ಅಪ್ಪನ ಪಾದಗಳು. ನೀರಿನಲ್ಲಿ ನೆನೆದು ಸುಣ್ಣದ ಹಾಗೆ ಬೆಳ್ಳಗಾಗಿದ್ದವು.

ಮಂಚ ಮೊಣಕಾಲುದ್ದದ ನೀರಿಗೆ ಬಂದಾಗ ವಿಜಯಕುಮಾರ್ ಹಗ್ಗ ಬಿಟ್ಟು, ಕೆಸರಿನಲ್ಲಿ ಬಿದ್ದು, ಚಲಪತಿಯ ಎರಡು ಕಾಲನ್ನೂ ತಬ್ಬಿಕೊಂಡ.

“ಗುದ್ದಿದ್ದು ನಾನೇ ಕಣಣ್ಣ. ನಿನ್ ದೋಣಿಗೆ ಗುದ್ದಿದ್ದು ನಾನೇ. ನಿಲ್ಸಲಿಲ್ಲ ನಾನು, ಎದರ್ಕೊಂಡು ಓಡೋಗ್ಬಿಟ್ಟೆ. ನಾನು ಓಗದೆ ಇದ್ದಿದ್ರೆ ನಮ್ಮಪ್ಪ ನೀರಿಗಿಳೀತಿರ್ಲಿಲ್ಲ. ಅಷ್ಟಾದ್ರೂ ನೀನು ನಂಗೆ ಒಂದು ಮಾತೂ ಅನ್ಲಿಲ್ಲ, ನಮ್ಮಪ್ಪನ್ನ ಎತ್ಕೊಂಡು ಬಂದೆ. ಏನಾದ್ರೂ ಅನ್ನಣ್ಣ. ಒಡಿ, ಬೈಯಿ, ಏನಾದ್ರೂ ಅನ್ನು.”

ಏರಿಯ ಮೇಲೆ ಇನ್ನೂರು ಜನ. ನಂದಕುಮಾರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಇಂಥ ಹೊತ್ತಿನಲ್ಲಿ ವೀರರು ಆಡುವ ಮಾತು ನೂರು ವರ್ಷ ನಿಲ್ಲುತ್ತದೆ. ಶಾಪವೋ ಕ್ಷಮೆಯೋ, ಮಕ್ಕಳು ಮೊಮ್ಮಕ್ಕಳಿಗೆ ಹೇಳುವಂಥದ್ದು ಏನೋ ಬರುತ್ತದೆಂದು ಎಲ್ಲರೂ ಕಿವಿಗೊಟ್ಟರು.

ಚಲಪತಿ ಮಂಚವನ್ನು ಮೊಣಕೈಯಿಂದ ಆನಿಸಿಕೊಂಡು ಕೆಳಗೆ ನೋಡಿದ.

“ಗೊತ್ತು ಕಣಪ್ಪ. ನನ್ ಕಾಲು ಬಿಟ್ಟು ಆ ಕಡೆ ನಿಮ್ಮಪ್ಪನ ಕಾಲ್ನ ಇಡ್ಕ. ಮಂಚ ವಾಲ್ತಾ ಐತೆ.”