ಹರಿದದ್ದನ್ನು ಹೊಲಿದ ತಪ್ಪು

ಅತ್ತೆಯ ಬೆರಳುಗಳು ನೀಲಿ. ಉಗುರಿನ ಸಂದಿಯಲ್ಲಿ, ಅಂಗೈ ಗೆರೆಗಳಲ್ಲಿ, ಮೂಗಿನ ಹೊಳ್ಳೆಯೊಳಗೂ ಜೀನ್ಸ್ ಬಟ್ಟೆಯ ಬಣ್ಣ ಕೂತುಬಿಟ್ಟಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಅವಳು ರೊಟ್ಟಿ ತಟ್ಟಿದರೆ ಅಂಚಿಗೊಂದಿಷ್ಟು ತಿಳಿನೀಲಿ ಹತ್ತುತ್ತಿತ್ತು. "ತಿನ್ನಲೇ, ಪ್ಯಾಟಿಯೊಳಗ ಈ ಬಣ್ಣಕ್ಕ ಭಾಳ ರೇಟ್ ಐತಿ" ಎಂದು ನಗುತ್ತಿದ್ದಳು.

ನಮಗೆ ಅವಳು ಸಂಬಂಧಿಯೇನಲ್ಲ. ಬಳ್ಳಾರಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವಳು. ಗಂಡ ತೀರಿಕೊಂಡಿದ್ದ, ಇದ್ದೊಬ್ಬ ಮಗಳು ಸಿರುಗುಪ್ಪದ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು. ನಮ್ಮವ್ವ ಹಾಸಿಗೆ ಹಿಡಿದ ವರ್ಷ ನನಗೆ ಹೊತ್ತುಹೊತ್ತಿಗೆ ಅನ್ನ ಹಾಕಿ, ಅಂಗಿಗೆ ಗುಂಡಿ ಹಚ್ಚಿ ಶಾಲೆಗೆ ಕಳಿಸಿದವಳು ಈ ಅತ್ತೆ. "ಹರಿದಿದ್ದು ಉಡಬೌದು, ಹೊಲೀಲಾರದ್ದು ಉಡಬಾರದು" ಎನ್ನುವುದು ಅವಳ ಮಾತು. ಅವಳು ತೇಪೆ ಹಾಕಿದರೆ ಎಲ್ಲಿ ಹಾಕಿದ್ದಾಳೆಂದು ಹುಡುಕಬೇಕಾಗುತ್ತಿತ್ತು.

ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಂದ ಪ್ಯಾಂಟುಗಳ ಗಂಟು ಆಟೋದಲ್ಲಿ ಓಣಿಗೆ ಬರುತ್ತದೆ. ಹೆಂಗಸರು ಮನೆಯಲ್ಲೇ ಕೂತು ದಾರ ಕತ್ತರಿಸಿ, ಗುಂಡಿ ಹಚ್ಚಿ, ಮತ್ತೆ ಕಟ್ಟಿಡಬೇಕು. ಒಂದು ಸಲ ಬಂದ ಗಂಟಿನ ಪ್ಯಾಂಟುಗಳೆಲ್ಲ ಮೊಣಕಾಲಿನ ಹತ್ತಿರ ಹರಿದಿದ್ದವು. ಆ ಫ್ಯಾಷನ್ ನಮ್ಮ ಓಣಿಗೆ ಆಗಿನ್ನೂ ಕಾಲಿಟ್ಟಿರಲಿಲ್ಲ. ಮಷೀನಿಗೆ ಸಿಕ್ಕು ಹರಿದಿರಬೇಕು, ಪಾಪ, ಮಾಲೀಕನಿಗೆ ನಷ್ಟ ಎಂದುಕೊಂಡಳು ಅತ್ತೆ. ಯಾರೂ ಹೇಳದೆ, ಕೂಲಿ ಕೇಳದೆ, ಅದೇ ಬಣ್ಣದ ದಾರ ಹೊಂದಿಸಿ ಅಷ್ಟನ್ನೂ ನೇಯ್ದ ಹಾಗೆ ಹೊಲಿದಳು.

ಮಾಲೀಕ ತಾನೇ ಕಾರಿನಲ್ಲಿ ಬಂದ. ಗಂಟನ್ನು ಓಣಿಯ ನಡುವೆ ಒಗೆದ.

"ಯಾರು ಹೇಳಿದ್ರು ನಿನಗ ಹೊಲಿಯಾಕ?"

"ಹರಿದಿದ್ವು ಸಾವ್ಕಾರ್ರ, ಅದಕ್ಕ..."

"ಹರಿದಿಲ್ಲ, ನಾವ ಬೇಕಂತ ಹರದೀವಿ! ಹರಿದಿದ್ದಕ್ಕ ರೇಟ್ ಜಾಸ್ತಿ. ಬಡವರ ಬುದ್ಧಿ ಎಲ್ಲಿ ಹೋಗ್ತೈತಿ? ಎಲ್ಲಾ ಬಿಚ್ಚಿಕೊಡು. ಇಲ್ಲಾಂದ್ರ ನಿನ್ನ ಮನಿಗಿ ಗಂಟು ಬರಂಗಿಲ್ಲ."

ಗಂಟು ಬರದಿದ್ದರೆ ಮಗಳ ಓದು ನಿಲ್ಲುತ್ತಿತ್ತು. ಅತ್ತೆ ಬ್ಲೇಡು ಹಿಡಿದು ಕೂತು, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ನಾನೂ ಜೊತೆಗೆ ಕೂತೆ. "ದುಡ್ಡಿದ್ದೋರು ಹರಿದಿದ್ದು ಹಾಕ್ಕೊಂಡ್ರ ಫ್ಯಾಷನ್. ನಾ ಹಾಕ್ಕೊಂಡು ಹೋದ್ರ ಬಾಗಲದಾಗ ನಿಲ್ಲಿಸ್ತಾರ. ಇದು ಯಾ ನ್ಯಾಯಲೇ?" ಎಂದಳು. ಎಲ್ಲರೂ ಸಮಾನರೆಂದು ಯಾರಾದರೂ ಮೈಕಿನ ಮುಂದೆ ನಿಂತು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಡವರ ಹರಕು ಬಟ್ಟೆಯನ್ನೂ ಬಿಡದೆ ಅದಕ್ಕೂ ಇಸ್ತ್ರಿ ಹಾಕಿ ಮಾರಿಕೊಂಡವರು ಈ ದುಡ್ಡಿದ್ದವರು.

ಆಮೇಲೆ ಅವಳಿಗೆ ಹರಿಯುವ ಕೆಲಸವನ್ನೇ ಕೊಟ್ಟರು. ಹೊಚ್ಚಹೊಸ ಪ್ಯಾಂಟನ್ನು ಮರಳುಕಾಗದದಿಂದ ತಿಕ್ಕಿ ತಿಕ್ಕಿ ಸವೆಸಬೇಕು. ಧೂಳು ನೆರೆಮನೆಗೆ ಹೋಗಬಾರದೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚಿಕೊಂಡು ತಿಕ್ಕುತ್ತಿದ್ದಳು. ಕೆಮ್ಮು ಶುರುವಾಯಿತು. ಕಫ ಕೂಡ ನೀಲಿ. ದೊಡ್ಡಾಸ್ಪತ್ರೆಯ ಡಾಕ್ಟರು ಈ ಕೆಲಸ ಬಿಡು ಎಂದರು. ಬಿಟ್ಟು ಏನು ಮಾಡಬೇಕೆಂದು ಅವರೂ ಹೇಳಲಿಲ್ಲ.

ಚಿಕಿತ್ಸೆಗೆ ಏನಾದರೂ ನೆರವಾದಾನೆಂದು ನಾನೇ ಅವಳನ್ನು ಪಾರ್ವತಿನಗರದ ಮಾಲೀಕನ ಮನೆಗೆ ಕರೆದುಕೊಂಡು ಹೋದೆ. ಚಪ್ಪಲಿ ಬಿಡುವ ಜಾಗದಿಂದಾಚೆ ನಮ್ಮನ್ನು ಕರೆಯಲಿಲ್ಲ. ನಿಂತು ನಿಂತು ಅತ್ತೆ ಮೆಟ್ಟಿಲ ಮೇಲೆ ಕುಸಿದಳು.

"ಅಕಿ ನಮ್ಮ ಕೆಲಸದಾಕಿ ಅಲ್ರಿ" ಎಂದ ಮಾಲೀಕ, ಅವಳತ್ತ ನೋಡದೆ ನನಗೆ. "ತನ್ನ ಮನ್ಯಾಗ ಕುಂತು ಮಾಡ್ಯಾಳ. ಧೂಳು ನಮ್ಮದೋ ಅಕಿ ಒಲೀದೋ, ಯಾರಿಗ್ಗೊತ್ತು?"

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡಳು. ಹೊರಗೆ ಬಂದ ಮೇಲೆ, ಉಸಿರು ಎಳೆದುಕೊಳ್ಳುತ್ತ, "ನೀ ಹೊಡದ್ರ ನಾಳಿ ಗಂಟು ಬರಂಗಿಲ್ಲಪಾ" ಎಂದಳು.

ಮಗಳ ಕೊನೆಯ ಪರೀಕ್ಷೆ ಮುಗಿದು, ಅವಳು ಮನೆಗೆ ಬಂದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಅತ್ತೆಯ ಉಸಿರು ನಿಂತಿತು. ಕುರುಗೋಡಿನಿಂದ ಅವಳ ಅಣ್ಣ ಬರುವುದಿತ್ತು, ಕಾಯುತ್ತಿದ್ದೆವು. ಹೆಣವನ್ನು ಬಾಗಿಲ ಮುಂದೆ ಮಲಗಿಸಿದ್ದೆವು. ಅಷ್ಟರಲ್ಲಿ ಗಂಟು ಒಯ್ಯುವ ಆಟೋ ಬಂದು ನಿಂತಿತು. ಚಾಲಕ ಇಳಿದು, ಹೆಣಕ್ಕೆ ಕೈಮುಗಿದು, ತಲೆ ತಗ್ಗಿಸಿಯೇ ಹೇಳಿದ.

"ಮಾಲು ಒಳಗ ಐತಂತ್ರಿ. ಇವತ್ತ ಲೋಡ್ ಹೋಗಬೇಕಂತ. ಸಾವ್ಕಾರ್ರಿಗಿ ಸುದ್ದಿ ಗೊತ್ತಾಗೇತಿ, ಆದ್ರೂ ಹೋಗು ಅಂದ್ರು. ನಂದೇನೈತ್ರಿ..."

ತನ್ನ ಕೆಲಸದವಳೇ ಅಲ್ಲ ಎಂದವನಿಗೆ ಆ ದಿನ ಅವಳ ಮನೆ ಚೆನ್ನಾಗಿ ನೆನಪಿತ್ತು. ನನ್ನ ಬಾಯಿಂದ ಕೆಟ್ಟ ಬೈಗುಳ ಬಂತು. ಮಗಳು ಮಾತ್ರ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಮಾಲು ಅವಂದಾದ್ರ, ಮಾಲು ಮಾಡಿದಾಕಿನೂ ಅವನ ಕೆಲಸದಾಕಿನ. ಬಂದು ನಮ್ಮವ್ವಗ ಹೆಗಲು ಕೊಡಾಕ ಹೇಳಣ್ಣ. ಆಮ್ಯಾಲ ಗಂಟು ಒಯ್ಯಲಿ."

ಆಟೋ ಖಾಲಿ ಹೋಯಿತು. ಮಾಲೀಕ ಬರಲಿಲ್ಲ. ಓಣಿಯವರೇ ಹೆಗಲು ಕೊಟ್ಟೆವು. ನನಗೆ ಅನ್ನ ಹಾಕಿದವಳು ಹೆಗಲ ಮೇಲೆ ಭಾರವೇ ಆಗಲಿಲ್ಲ, ಅಷ್ಟು ಸವೆದುಹೋಗಿದ್ದಳು. ಮಣ್ಣು ಮಾಡಿ ಓಣಿಗೆ ಮರಳಿದಾಗ ಅದೇ ಆಟೋ ಮತ್ತೆ ಬಾಗಿಲಲ್ಲಿತ್ತು. ಗಂಟಿಗೆ ಹೆಗಲು ಕೊಡಲು ಮಾಲೀಕ ಇಬ್ಬರನ್ನು ಕಳಿಸಿದ್ದ.