ಸಿಪಾಯಿ ಮುತ್ಯಾನ ಕಿರುಬೆರಳು

ಮೂವತ್ತೊಂದು ವರ್ಷ ನಾನು ಜೇವರ್ಗಿಯಲ್ಲಿ ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಗುಮಾಸ್ತನಾಗಿದ್ದವನು. ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಶುರುಮಾಡಿದರೆ ‘ಅರ್ಜಿ ಕೊಡ್ರಿ, ನೋಡೋಣು’ ಎಂದು ನಗುತ್ತಿದ್ದೆ. ಕಾಗದದಲ್ಲಿ ಇದ್ದದ್ದು ಉಂಟು, ಇಲ್ಲದ್ದು ಇಲ್ಲ. ಇಷ್ಟೇ ನನ್ನ ವೇದಾಂತ. ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಈಗಲೂ ದೆವ್ವ ನಂಬುವವನಲ್ಲ. ಆದರೆ ಆರು ವರ್ಷಗಳ ಹಿಂದೆ ಅಫಜಲಪುರದಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಮ್ಮ ಊರು ನೆಲೋಗಿ. ಹೊಲದ ಬದುವಿನ ಮೇಲೆ ನನ್ನ ಮುತ್ತಜ್ಜ ಶರಣಪ್ಪನ ಗದ್ದುಗೆ, ಅಂದರೆ ಕೂರಿಸಿ ಮಣ್ಣು ಮಾಡಿದ ಸಮಾಧಿ, ಇದೆ. ಮನೆಯವರೆಲ್ಲ ಅವನನ್ನು ಕರೆಯುವುದು ಸಿಪಾಯಿ ಮುತ್ಯಾ ಎಂದೇ. ನಿಜಾಮನ ಕುದುರೆ ಪಡೆಯಲ್ಲಿದ್ದನಂತೆ, ಮೊದಲನೆಯ ಮಹಾಯುದ್ಧಕ್ಕೆ ಹಡಗು ಹತ್ತಿ ಹೋಗಿದ್ದನಂತೆ. ಐದಾರು ವರ್ಷ ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ದಿನ ಎದೆಮಟ್ಟ ಗಡ್ಡ ಬಿಟ್ಟುಕೊಂಡು ಬಂದು ಅಂಗಳದಲ್ಲಿ ನಿಂತ. ಅಷ್ಟರಲ್ಲಿ ಯುದ್ಧದ ಕಾಲದ ದೊಡ್ಡ ಜ್ವರಕ್ಕೆ ಊರು ಮುಕ್ಕಾಲು ಖಾಲಿಯಾಗಿತ್ತು, ಅವನ ತಂದೆತಾಯಿಯೂ ತೀರಿಹೋಗಿದ್ದರು. ಒಡಹುಟ್ಟಿದವರು ಇರಲಿಲ್ಲ. ಮದುವೆಯಾದ ಕೆಲವೇ ತಿಂಗಳಿಗೆ ಅವನು ಬಿಟ್ಟುಹೋಗಿದ್ದ ಹೆಂಡತಿ ಒಬ್ಬಳೇ ಮನೆಯಲ್ಲಿದ್ದಳು. ಸಮುದ್ರದ ಮೇಲೆ ಕೊರಳ ಲಿಂಗ ಕಳೆದುಹೋಯಿತೆಂದು ಅವನು ಹೇಳಿದ್ದಕ್ಕೆ ಅಂದೋಲಾದ ಮಠಕ್ಕೆ ಕರೆದುಕೊಂಡು ಹೋಗಿ ಹೊಸದಾಗಿ ಲಿಂಗ ಕಟ್ಟಿಸಿದರು. ನನ್ನ ಅಜ್ಜ ಹುಟ್ಟಿದ್ದು ಅದಾದ ಮೇಲೆ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ, ಒಮ್ಮೆಯೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಸಿಪಾಯಿ ಮುತ್ಯಾನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ನನ್ನ ಸೋದರತ್ತೆ ನೀಲಮ್ಮ ಒಬ್ಬಳೇ. ಅವಳಿಗೆ ಅವನು ಸ್ವಂತ ಅಜ್ಜ. ಎಂಬತ್ತರ ಹತ್ತಿರ ಬಂದು, ಎರಡೂ ಕಣ್ಣು ಹೋಗಿ, ಅಫಜಲಪುರದಲ್ಲಿ ಮಗಳು ಶಾಂತಾಳ ಮನೆಯಲ್ಲಿದ್ದಳು. ಹೋದಾಗಲೆಲ್ಲ ಅವಳದು ಒಂದೇ ಮಾತು: “ನಾ ಸಾಯೋದ್ರಾಗ ಮುತ್ಯಾನ ಗದ್ದಗಿಗಿ ಒಂದು ಹೆಸರಿನ ಕಲ್ಲು ಹಾಕ್ಸೋ ತಮ್ಮಾ. ಯಾರ ಗದ್ದಗಿ ಅಂತ ನಾಳೆ ಮಂದಿಗಿ ಗೊತ್ತಾಗಬೇಕಲ್ಲ?” ನಿವೃತ್ತಿಯಾದ ಮೇಲೆ ಈ ಕೆಲಸ ಮುಗಿಸಿಯೇ ಬಿಡೋಣ ಎಂದು ಮಾತು ಕೊಟ್ಟೆ. ಶಹಾಬಾದ್ ಕಲ್ಲನ್ನೂ ತರಿಸಿದೆ.

ಬರೀ ಹೆಸರು ಕೆತ್ತಿಸಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ. ಯಾವ ಪಡೆ, ಯಾವ ದೇಶ, ಎಲ್ಲವೂ ದಾಖಲೆ ಪ್ರಕಾರ ಕಲ್ಲಿನ ಮೇಲೆ ಬರಬೇಕು ಎಂದು ಹಟ ಹಿಡಿದೆ. ಹಳೆಯ ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಉರ್ದು ಕಾಗದವೊಂದಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡಿದವರಿದ್ದರು, ಓದಿದವರು ಯಾರೂ ಇರಲಿಲ್ಲ. ಅದನ್ನು ತೆಗೆದುಕೊಂಡು ಆಳಂದಕ್ಕೆ ಹೋದೆ. ಅಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು ಹಳೆಯ ಕೈಬರಹ ಓದುತ್ತಾರೆಂದು ಕೇಳಿದ್ದೆ.

ಮಾಸ್ತರರು ಚಹಾ ಕುಡಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. “ಇದು ಫೌಜಿನಿಂದ ಬಿಡಿಸಿದಾಗ ಕೊಟ್ಟ ಕಾಗದ ಅದರಿ. ಮ್ಯಾಲಿಂದು ಹುಲಿಯಾ. ಸಿಪಾಯಿ ನೋಡಾಕ ಹ್ಯಾಂಗ ಅದಾನ ಅಂತ ಭರ್ತಿ ದಿನಾನೇ ಬರ್ಕೋತಿದ್ರು. ಓಡಿ ಹೋದ್ರ ಹಿಡೀಬೇಕಲ್ರಿ,” ಎಂದರು. ಶರಣಪ್ಪ, ತಂದೆಯ ಹೆಸರು, ಊರು ನೆಲೋಗಿ, ಎಲ್ಲ ಸರಿಯಿತ್ತು. ಎತ್ತರ, ಮೈಬಣ್ಣ ಓದಿದರು. ಆಮೇಲೆ ಗುರುತು. “ಎಡಗೈ ಕಿರುಬೆರಳು ಬುಡದಿಂದ ಇಲ್ಲ, ಸಣ್ಣಾವಿದ್ದಾಗಿಂದ,” ಎಂದು ಓದಿ ನನ್ನ ಮುಖ ನೋಡಿದರು. “ನಿಮ್ಮ ಮುತ್ಯಾನ ಬೆರಳ ಇರ್ಲಿಲ್ಲೇನ್ರಿ?”

ನನಗೆ ಗೊತ್ತಿರಲಿಲ್ಲ. ಬೆರಳಿಲ್ಲದ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಊರಲ್ಲಿ ಒಬ್ಬನಿಗೆ ಕಾಲು ಸೊಟ್ಟಗಿದ್ದರೆ ಅವನ ಮೊಮ್ಮಕ್ಕಳ ಕಾಲಕ್ಕೂ ಆ ಮನೆಗೆ ಅದೇ ಅಡ್ಡಹೆಸರು ಉಳಿಯುತ್ತದೆ. ಬೆರಳಿಲ್ಲದವನನ್ನು ಜನ ಬಿಟ್ಟಾರೆಯೇ? ಮಾಸ್ತರರು ನನ್ನ ಅನುಮಾನ ತಿಳಿದವರಂತೆ ಮೆಲ್ಲಗೆ ಹೇಳಿದರು, “ಆಗಿನ ಕಾಲದಾಗ ಒಬ್ಬ ಸತ್ರ ಅವನ ಕಾಗದದ ಮ್ಯಾಲ ಇನ್ನೊಬ್ಬ ಊರಿಗಿ ಬರೋದು ಇತ್ರಿ. ಹಿಂದ ಮುಂದ ಯಾರೂ ಇಲ್ಲದವ್ರು ಬರ್ತಿದ್ರು. ಗುಮಾಸ್ತನ ತಪ್ಪೂ ಇರಬಹುದು, ಮತ್ತ.” ನಾನು ಗುಮಾಸ್ತನ ತಪ್ಪನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಮೇಲಿನ ಸಾಲಿನವನ ಗುರುತನ್ನು ಕೆಳಗಿನ ಸಾಲಿನವನಿಗೆ ಬರೆಯುವುದು ಎಷ್ಟು ಸುಲಭವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೂ ಮನಸ್ಸು ಕೇಳಲಿಲ್ಲ. ಮನೆಗೆ ಮರಳದೆ ಮರುದಿನ ಬೆಳಿಗ್ಗೆ ನೇರವಾಗಿ ಅಫಜಲಪುರದ ಬಸ್ಸು ಹತ್ತಿದೆ. ಕಾಗದದ ವಿಷಯ ಯಾರಿಗೂ ಹೇಳಬಾರದೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ. ಬಸ್ಸಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ. ಬಂದವನು ಶರಣಪ್ಪನಲ್ಲದಿದ್ದರೆ ಗದ್ದುಗೆಯಲ್ಲಿ ಕುಳಿತವನು ಯಾರು? ಅವನ ಮರಿಮಗನಾದ ನಾನು ಯಾರ ಪೈಕಿ? ಇಡೀ ತಾಲ್ಲೂಕಿನ ವಂಶಾವಳಿಗಳನ್ನು ಕಪಾಟಿನಲ್ಲಿಟ್ಟು ಕಾದವನಿಗೆ ತನ್ನ ವಂಶವೇ ಕೈಜಾರಿದರೆ ಹೇಗಾಗಬೇಡ?

ಶಾಂತಾ ಹೊಟ್ಟೆ ತುಂಬ ಉಣಿಸಿದಳು. ಎರಡು ರೊಟ್ಟಿಯ ಮೇಲೆ ನಾನು ತಿನ್ನುವುದಿಲ್ಲ, ಸಕ್ಕರೆ ಕಾಯಿಲೆ ಇದೆ. ಊಟವಾದ ಮೇಲೆ ಅತ್ತೆಯ ಬಲಕ್ಕೆ, ಚಾಪೆಯ ಮೇಲೆ ಕುಳಿತೆ. ಸುತ್ತಿ ಬಳಸಿ ಮುತ್ಯಾನ ವಿಷಯ ತೆಗೆದು, ಅವನ ಕೈ ಹೇಗಿದ್ದವು ಎಂದು ಕೇಳಿದೆ.

“ಕೈ? ಕಬ್ಬಿಣ ಇದ್ದಂಗ ಇದ್ದೂ. ನನಗ ಲೆಕ್ಕ ಕಲಿಸಿದ್ದೇ ಅವನ ಕೈ ಮ್ಯಾಲ. ಈ ಕೈದು ಐದು, ಆ ಕೈದು ಐದು, ಒಟ್ಟ ಹತ್ತು. ಹತ್ತು ಅಂದಕೂಡ್ಲೆ ಒಂದು ಚೂರು ಬೆಲ್ಲ ಕೊಡ್ತಿದ್ದ,” ಎಂದು ಬೊಚ್ಚುಬಾಯಿಯಲ್ಲಿ ನಕ್ಕಳು. ಒಂಬತ್ತಲ್ಲ, ಹತ್ತು. ಅವಳು ತನ್ನಷ್ಟಕ್ಕೆ ಮಾತು ಮುಂದುವರಿಸಿದಳು. “ಮುತ್ಯಾ ಭಾಳ ಛಲೋ ಮನಷ್ಯಾ. ಆದ್ರ ಆಯಿ ಮಾತ್ರ ಅವ ಉಂಡ ತಾಟಿನ್ಯಾಗ ಒಂದ್ ದಿನಾನೂ ಉಣ್ಣಲಿಲ್ಲ ನೋಡು. ಓಣ್ಯಾಗಿನ ಹೆಣ್ಮಕ್ಕಳೆಲ್ಲ ಗಂಡ ಉಂಡ ತಾಟಿನ್ಯಾಗೇ ಉಣ್ತಿದ್ರು. ಯಾಕ ಆಯಿ ಅಂತ ಕೇಳಿದ್ರ ವ್ರತ ಅದ ಅಂತಿದ್ಲು. ಸಾಯೋತನಕ ವ್ರತ!” ಆಯಿ ಎಂದರೆ ಅವಳ ಅಜ್ಜಿ, ಮುತ್ಯಾನ ಹೆಂಡತಿ. ಆ ಹೆಂಗಸಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗಲೇ ಅನ್ನಿಸಿತು. ಗೊತ್ತಿದ್ದೂ ಅವನೊಂದಿಗೆ ಬಾಳಿದ್ದಳು.

“ತಾ ಇಲ್ಲಿ ಕೈ, ಹ್ಯಾಂಗ ಕಲಸ್ತಿದ್ದ ತೋರಸ್ತೀನಿ,” ಎಂದಳು. ಅವಳ ಕಡೆಗಿದ್ದದ್ದು ನನ್ನ ಎಡಗೈ, ಅದನ್ನೇ ಕೊಟ್ಟೆ. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಹಿಡಿದು ಎಣಿಸಿದಳು. ಒಂದು, ಎರಡು, ಮೂರು, ನಾಕು. ಅಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು. ಮತ್ತೆ ನಾಕಕ್ಕೇ ನಿಂತಳು. ಅವಳ ಬೆರಳುಗಳು ನನ್ನ ಕಿರುಬೆರಳಿನ ಮೇಲೆಯೇ ಓಡಾಡುತ್ತಿದ್ದವು. ನಾನು ಕಣ್ಣಿನಿಂದ ನೋಡುತ್ತಿದ್ದೆ, ನನ್ನ ಬೆರಳು ಅಲ್ಲಿಯೇ ಇತ್ತು. ಆದರೆ ಅವಳು ಮುಟ್ಟಿದ್ದು ನನಗೆ ತಿಳಿಯಲಿಲ್ಲ. ಉಳಿದ ನಾಲ್ಕು ಬೆರಳಿಗೆ ಅವಳ ಒರಟು ಚರ್ಮ ತಾಗುತ್ತಿತ್ತು, ಐದನೆಯದಕ್ಕೆ ಏನೂ ಇಲ್ಲ.

“ಯವ್ವಾ, ಐದೂ ಅದಾವ ಬೇ, ನೆಟ್ಟಗ ಎಣಸು,” ಎಂದು ಶಾಂತಾ ನಕ್ಕಳು. ಅತ್ತೆ ನಗಲಿಲ್ಲ. ನನ್ನ ಕೈ ಬಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಿಂದಕ್ಕೆ ಸರಿದು ಕುಳಿತಳು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವಳು ತಗ್ಗಿದ ದನಿಯಲ್ಲಿ ಹೇಳಿದಳು: “ಈಗ ಬಂದ್ರೇನ್ರಿ? ಆಯಿ ಭಾಳ ದಾರಿ ನೋಡಿದ್ಳ್ರಿ. ಕುಂದರ್ರಿ. ಶಾಂತಾ, ತಾಟ ಹಚ್ಚು, ಹಸದು ಬಂದಾರ.”

‘ಈಗಷ್ಟೇ ಉಂಡೆನಲ್ಲ’ ಎನ್ನಬೇಕೆಂದಿದ್ದವನು ತಾಟಿಗೆ ಜಾಗ ಬಿಟ್ಟು ಸರಿದು ಕುಳಿತೆ. ಶಾಂತಾ ಮುದುಕಿಯ ಮನಸ್ಸು ನೋಯಿಸುವುದು ಬೇಡವೆಂದು ನನಗೆ ಕಣ್ಸನ್ನೆ ಮಾಡಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನು ಆರು ರೊಟ್ಟಿ ತಿಂದೆ. ಅಂಥ ಹಸಿವನ್ನು ಜೀವಮಾನದಲ್ಲಿ ಕಂಡವನಲ್ಲ. ತಿನ್ನುತ್ತಿದ್ದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಶಾಂತಾಳ ನಗು ಅಷ್ಟರಲ್ಲಿ ನಿಂತುಹೋಗಿತ್ತು. ತಾಟು ಎತ್ತಲು ಅವಳು ಬಗ್ಗಿದಾಗ ಅತ್ತೆ ತಡೆದಳು.

“ಆ ತಾಟ ತೊಳೀಬ್ಯಾಡ. ಆಯಿ ಉಣ್ತಾಳ.”

ಸ್ವಲ್ಪ ಹೊತ್ತಿಗೆ ಅತ್ತೆ ಮಲಗಿದಳು. ಎದ್ದ ಮೇಲೆ ಎಂದಿನಂತೆ ‘ತಮ್ಮಾ, ಚಾ ಕುಡದೀ ಏನು’ ಎಂದು ಕೇಳಿದಳು. ನನ್ನ ಬೆರಳಿನ ಜೋಮು ಎರಡು ದಿನ ಇಳಿಯಲಿಲ್ಲ. ಜೇವರ್ಗಿಯ ಡಾಕ್ಟರು ನರ ಒತ್ತಿರಬೇಕು, ಸಕ್ಕರೆ ಕಾಯಿಲೆಯಲ್ಲಿ ಹೀಗಾಗುತ್ತದೆ ಎಂದರು. ಇರಬಹುದು. ರೊಟ್ಟಿ ಬಡಿದು ಬಡಿದು ಅತ್ತೆಯ ಕೈ ಜಡ್ಡುಗಟ್ಟಿತ್ತು, ಅವಳಿಗೂ ಸ್ಪರ್ಶ ತಿಳಿಯದೆ ಇರಬಹುದು. ಮುದುಕರ ಬುದ್ಧಿ ಒಮ್ಮೊಮ್ಮೆ ಹಾಗೆ ತಪ್ಪುವುದೂ ಹೊಸದೇನಲ್ಲ. ಒಂದೊಂದಕ್ಕೂ ಒಂದೊಂದು ಕಾರಣ ನನ್ನ ಬಳಿ ಇದೆ. ಎಲ್ಲವೂ ಒಂದೇ ಮಧ್ಯಾಹ್ನ, ಅದೇ ಕೈಗೆ, ಅದೇ ಬೆರಳಿಗೆ ಆದದ್ದಕ್ಕೆ ಕಾರಣವಿಲ್ಲ.

ಕಲ್ಲಿನ ಕೆಲಸವನ್ನು ಎರಡು ತಿಂಗಳು ಮುಂದೂಡಿದೆ. ಕಡೆಗೆ ಪಡೆ, ದೇಶ ಎಲ್ಲ ಬಿಟ್ಟು, ‘ಶರಣಪ್ಪ, ನೆಲೋಗಿ’ ಎಂದಷ್ಟೇ ಕೆತ್ತಿಸಿ ಗದ್ದುಗೆಯ ತಲೆಗೆ ನಿಲ್ಲಿಸಿದೆ. ಅತ್ತೆಗೆ ಕೊಟ್ಟ ಮಾತು ಉಳಿಯಿತಲ್ಲ ಎಂದು ಅಂದೇ ಫೋನು ಮಾಡಿದೆ. ಶಾಂತಾ ಅವಳ ಕಿವಿಗೆ ಹಿಡಿದಳು.

“ಕಲ್ಲು ನಿಲ್ಲಿಸಿದೆ ಅತ್ತಿ. ಹೆಸರು ಕೆತ್ತಿಸೇನಿ,” ಎಂದೆ.

“ಏನಂತ ಕೆತ್ತಿಸಿದಿ?”

“ಶರಣಪ್ಪ ಅಂತ.”

“ಛಲೋ ಆತು. ಅವತ್ತ ಉಂಡು ಹ್ವಾದ್ರಲ್ಲ, ಅವರ್ದು ಬರಸ್ದಿ,” ಎಂದಳು. ಆಮೇಲೆ ಕೇಳಿದಳು, “ಮತ್ತ ನಮ್ಮ ಮುತ್ಯಾಂದು?”

ಹುಲಿಯಾದ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ, ಶಾಂತಾಳಿಗೂ ಹೇಳಿರಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಅತ್ತೆ ತೀರಿಕೊಂಡಳು. ಕಲ್ಲಿನ ಮೇಲೆ ಹೆಸರಿನ ಕೆಳಗೆ ಇನ್ನೊಂದು ಸಾಲಿನಷ್ಟು ಜಾಗ ಖಾಲಿ ಇದೆ. ನಮ್ಮನ್ನು ಹುಟ್ಟಿಸಿ ಸಾಕಿದವನ ಹೆಸರು ಅಲ್ಲಿ ಬರಬೇಕು. ಅದು ಏನೆಂದು ಹೇಳುವವರು ಈಗ ಯಾರೂ ಉಳಿದಿಲ್ಲ.